ಹೈಫಾ ನಗರದ ನೋಟವೂ ಮೈಸೂರು ರಾವುತರ ಸ್ಮರಣೆಯೂ

“ದೇಶ ಸುತ್ತಬೇಕು, ಕೋಶ ಓದಬೇಕು” ಎಂಬ ಗಾದೆಯು ಕನ್ನಡಿಗರ ಮನೆಮನೆಯಲ್ಲಿಯೂ ಕೇಳಿಬರುವುದಷ್ಟೆ. ಆದರೆ ದೇಶ ಸುತ್ತಿದವರೆಲ್ಲರೂ ದೇಶವನ್ನು ಕಂಡವರೆಂದು ಹೇಳಲಾಗದು. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಊರ ಮುಂದಣ ಬಯಲಿನಲ್ಲಿಯೋ ಹಳೆಯ ದೇವಾಲಯದ ಪೌಳಿಯಲ್ಲಿಯೋ ವೀರಗಲ್ಲುಗಳು ನಿಂತಿರುವುದುಂಟು. ಕೆಳಗಣ ಪಟ್ಟಿಕೆಯಲ್ಲಿ ಕಾಳಗ, ನಡುವಣ ಪಟ್ಟಿಕೆಯಲ್ಲಿ ಅಪ್ಸರೆಯರೊಡನೆ ವೀರನ ಸ್ವರ್ಗಯಾನ, ಮೇಲಣ ಪಟ್ಟಿಕೆಯಲ್ಲಿ ಶಿವಲಿಂಗದ ಸನ್ನಿಧಿ: ಇದು ಅವುಗಳ ಸಾಮಾನ್ಯ ಕ್ರಮ. ಅದಕ್ಕೆ ದನ ಕಟ್ಟಿದವನಿಗೂ ಅದರ ಮಗ್ಗುಲಲ್ಲಿ ವಿಶ್ರಮಿಸಿದವನಿಗೂ ಅದು ಬರಿಯ ಕಲ್ಲು. ಓದಬಲ್ಲವನಿಗೆ ಮಾತ್ರ ಅದು ಒಬ್ಬ ಮನುಷ್ಯನ ಆಯುಷ್ಯದ ಕಡೆಯ ದಿನ. ಪರದೇಶದ ಕಡಲೂರುಗಳನ್ನು ನೋಡುವಲ್ಲಿಯೂ ಇದೇ ಭೇದವುಂಟು. ಮೆಡಿಟರೇನಿಯನ್ ಸಮುದ್ರದ ಪೂರ್ವತೀರದಲ್ಲಿರುವ ಹೈಫಾ ನಗರವನ್ನು ಅದರ ಉದ್ಯಾನಗಳಿಗಾಗಿ ನೋಡುವವರು ಬಹುಮಂದಿ. ಮೈಸೂರಿನ ರಾವುತರು ಅಲ್ಲಿ ಕಾದಿದ ಸಂಗತಿಯನ್ನರಿತು ನೋಡುವವರು ವಿರಳ.

ಕಡಲನ್ನೇ ಕಾಣದ ಬಯಲುಸೀಮೆಯ ವಾಚಕರಿಗೆ ಮೊದಲು ಆ ಊರಿನ ಸನ್ನಿವೇಶವನ್ನು ತಿಳಿಸುವುದು ಯುಕ್ತವಾಗಿದೆ. ಹೈಫಾ ಇಸ್ರೇಲ್ ದೇಶದ ಮೂರನೆಯ ದೊಡ್ಡ ನಗರ. ಅಲ್ಲಿಯ ಮುಖ್ಯ ಬಂದರುಗಳಲ್ಲಿ ಒಂದು. ಊರಿನ ಮುಂದೆ ಬಿಲ್ಲಿನಂತೆ ಬಾಗಿದ ಕೊಲ್ಲಿಯಿದೆ. ಆ ಕೊಲ್ಲಿಯ ದಕ್ಷಿಣದ ತುದಿಯಲ್ಲಿ ಹೈಫಾ, ಉತ್ತರದ ತುದಿಯಲ್ಲಿ ಅಕ್ಕಾ ಎಂಬ ಪುರಾತನವಾದ ಕೋಟೆಯೂರು. ಹೈಫಾದ ಬೆನ್ನಿಗೆ ಕಾರ್ಮೆಲ್ ಎಂಬ ಗಿರಿಶ್ರೇಣಿ. ಅದರ ಅತ್ಯುನ್ನತ ಶಿಖರದ ಎತ್ತರ 546 ಮೀಟರು. ಊರು ಕಡಲಂಚಿನಲ್ಲಿ ಆರಂಭವಾಗಿ ಮೆಟ್ಟಿಲುಮೆಟ್ಟಿಲಾಗಿ ಗಿರಿಯನ್ನೇರಿದೆ. ಕೆಳಗೆ ಬಂದರು ಮತ್ತು ಹಳೆಯ ಪೇಟೆ, ನಡುವೆ ಅಂಗಡಿಬೀದಿಗಳು, ಮೇಲೆ ಪೈನ್ ಮರಗಳ ನಡುವಣ ಮನೆಗಳು. ಕೆಳಗಿನಿಂದ ಮೇಲಕ್ಕೆ ಹೋಗಲು ಗಿರಿಯ ಒಡಲಲ್ಲಿ ಸುರಂಗವನ್ನು ಕೊರೆದು, 1959ರಿಂದ ಹಗ್ಗದ ಸೆಳೆತದಿಂದ ನಡೆಯುವ ರೈಲನ್ನು ಏರ್ಪಡಿಸಿದ್ದಾರೆ. ಅಲ್ಲಿ ಮಳೆಗಾಲವೂ ಚಳಿಗಾಲವೂ ಒಂದೇ. ಬೇಸಗೆಯು ಮಳೆಯಿಲ್ಲದೆ ಒಣಗಿರುವುದು. ಆದುದರಿಂದ ಚೈತ್ರದ ಸುಮಾರಿನಲ್ಲಾಗಲಿ ಶರತ್ಕಾಲದಲ್ಲಾಗಲಿ ಹೋಗುವವನಿಗೆ ಬಿಸಿಲಿನ ಬಾಧೆಯೂ ಮಳೆಯ ತೊಡಕೂ ಕಡಮೆ.

ಈ ಊರಿನ ಈಗಿನ ರೂಪವು ಬಹು ಪ್ರಾಚೀನವಲ್ಲ. 18ನೆಯ ಶತಮಾನದಲ್ಲಿ ಜಾಹಿರ್ ಅಲ್ ಉಮರ್ ಎಂಬ ಅರಬ ನಾಯಕನು ಹಳೆಯ ನೆಲೆಯನ್ನು ಬಿಡಿಸಿ ಕೊಲ್ಲಿಯ ಒಳಮಗ್ಗುಲಲ್ಲಿ ಹೊಸ ಊರನ್ನು ಕಟ್ಟಿಸಿದನು. 1868ರಲ್ಲಿ ಜರ್ಮನಿಯಿಂದ ಟೆಂಪ್ಲರ್ ಎಂಬ ಕ್ರೈಸ್ತ ಪಂಗಡದವರು ಬಂದು ನೆಲಸಿದರು. 1905ರಲ್ಲಿ ಹಿಜಾಜ್ ರೈಲುದಾರಿಯ ಕವಲು ಇಲ್ಲಿಗೆ ಮುಟ್ಟಿತು. 1933ರಲ್ಲಿ ಇಂಗ್ಲಿಷರು ದೊಡ್ಡ ಬಂದರನ್ನು ತೆರೆದರು. 1948ರ ಏಪ್ರಿಲಿನ ಕಾಳಗದಲ್ಲಿ ಊರಿನ ಅರಬರಲ್ಲಿ ಬಹುಭಾಗವು ಮನೆಮಠಗಳನ್ನು ತೊರೆದು ಹೋಗಬೇಕಾಯಿತು. ಉಳಿದವರ ಸಂತತಿಯವರು ವಾದಿ ನಿಸ್ನಾಸ್ ಮುಂತಾದ ಕೇರಿಗಳಲ್ಲಿ ಇಂದಿಗೂ ಯೆಹೂದ್ಯರ ನೆರೆಹೊರೆಯಲ್ಲಿ ಬಾಳುತ್ತಿರುವರು.

ನೋಡತಕ್ಕ ಸ್ಥಳಗಳಲ್ಲಿ ಬಹಾಯಿ ಮತಸ್ಥರ ಉದ್ಯಾನಕ್ಕೆ ಅಗ್ರಸ್ಥಾನವು ಸಲ್ಲುವುದು. ಆ ಮತದ ಮುನ್ಸೂಚಕನೆನಿಸಿದ ‘ಬಾಬ್’ ಎಂಬ ಮಹನೀಯನನ್ನು 1850ರಲ್ಲಿ ಪರ್ಷಿಯದ ತಬ್ರೀಜ್ ನಗರದಲ್ಲಿ ಗುಂಡಿಕ್ಕಿ ಕೊಂದರು. ಆತನ ಅವಶೇಷಗಳನ್ನು 1909ರಲ್ಲಿ ಕಾರ್ಮೆಲ್ ಗಿರಿಯಲ್ಲಿ ಸಮಾಧಿಗೊಳಿಸಲಾಯಿತು. ಅದರ ಮೇಲಣ ಸುವರ್ಣವರ್ಣದ ಗುಮ್ಮಟವು 1953ರಲ್ಲಿ ಪೂರ್ಣವಾಯಿತು. ಸಮಾಧಿಯ ಮೇಲೂ ಕೆಳಗೂ ಗಿರಿಯ ಬುಡದಿಂದ ನೆತ್ತಿಯವರೆಗೆ ಹರಡಿರುವ ಉದ್ಯಾನದ ಸೋಪಾನಗಳನ್ನು 2001ರಲ್ಲಿ ತೆರೆದರು. 2008ರಲ್ಲಿ ಈ ಕ್ಷೇತ್ರವು ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ಪ್ರವೇಶಕ್ಕೆ ಶುಲ್ಕವಿಲ್ಲ. ಈ ಸೋಪಾನಗಳನ್ನು ಯೋಜಿಸಿದ ಫರಿಬೋರ್ಜ್ ಸಹಬಾ ಎಂಬ ಶಿಲ್ಪಿಯೇ 1986ರಲ್ಲಿ ತೆರೆದ ದಿಲ್ಲಿಯ ಕಮಲಮಂದಿರವನ್ನೂ ಯೋಜಿಸಿದವನು. ದಿಲ್ಲಿಯ ಮಂದಿರವನ್ನು ನೋಡಿದವರಿಗೆ ಹೈಫಾದಲ್ಲಿ ಒಂದು ಪರಿಚಿತ ಹಸ್ತವು ಕಾಣುವುದು.

ಉದ್ಯಾನದ ಬುಡದಲ್ಲಿ ಜರ್ಮನರ ಕೇರಿ. ಕೆಂಪು ಹೆಂಚಿನ ಮಾಡುಗಳೂ ಕಲ್ಲಿನ ಗೋಡೆಗಳೂ ಉಳ್ಳ ಆ ಹಳೆಯ ಮನೆಗಳಲ್ಲಿ ಹಲವು ಈಗ ಊಟದ ಶಾಲೆಗಳಾಗಿವೆ. ಗಿರಿಯ ಪಶ್ಚಿಮದ ಮೂಗಿನ ಮೇಲೆ ಸ್ಟೆಲ್ಲಾ ಮಾರಿಸ್ ಎಂಬ ಮಠವಿದೆ. ಆ ಹೆಸರಿಗೆ ‘ಸಮುದ್ರತಾರೆ’ ಎಂದರ್ಥ. ಕಾರ್ಮೆಲೈಟ್ ಎಂಬ ಕ್ರೈಸ್ತ ಸಂನ್ಯಾಸಿಗಳ ಪಂಥವು ಈ ಗಿರಿಯಲ್ಲಿಯೇ ಹುಟ್ಟಿ ಇದರಿಂದಲೇ ಹೆಸರನ್ನು ಪಡೆಯಿತು. ಮಠದ ಕೆಳಗೆ ಕಡಲಿಗೆ ಸಮೀಪದಲ್ಲಿ ಪ್ರವಾದಿ ಎಲೀಯನ ಗುಹೆಯುಂಟು. ಯೆಹೂದ್ಯರೂ ಕ್ರೈಸ್ತರೂ ಮುಸಲ್ಮಾನರೂ ದ್ರೂಸರೂ ಒಂದೇ ಗುಹೆಗೆ ಹರಕೆ ಹೊತ್ತು ಬರುವುದನ್ನು ಕಂಡರೆ, ಹಲವು ಮತದವರು ನಡೆದುಕೊಳ್ಳುವ ದರ್ಗಗಳನ್ನೂ ಗುಡಿಗಳನ್ನೂ ಬಲ್ಲ ಕನ್ನಡಿಗನಿಗೆ ಅಚ್ಚರಿಯಾಗದು. ಹಳೆಯ ಪೂರ್ವ ನಿಲ್ದಾಣದಲ್ಲಿರುವ ರೈಲಿನ ವಸ್ತುಸಂಗ್ರಹವೂ ದಕ್ಷಿಣದ ಮರಳುದಂಡೆಗಳೂ ಬಿಡುವಿದ್ದವರಿಗೆ ನೋಡತಕ್ಕವೇ.

ಇಷ್ಟನ್ನು ನೋಡಿ ಯಾತ್ರಿಕನು ಗಿರಿಯ ನೆತ್ತಿಯ ರಸ್ತೆಗೆ ಬಂದು ನಿಲ್ಲುವನು. ಕೆಳಗೆ ಉದ್ಯಾನ, ಅದರಾಚೆ ಬಂದರು, ನೀಲಿಯ ಕೊಲ್ಲಿ, ದೂರದಲ್ಲಿ ಅಕ್ಕಾ. ಬಲಕ್ಕೆ ಕೀಷೋನ್ ನದಿಯ ತಗ್ಗು. ಸಾಮಾನ್ಯವಾಗಿ ಯಾತ್ರೆಯು ಇಲ್ಲಿಗೆ ಮುಗಿಯುವುದು. ಆದರೆ ಅರಿತವನ ಯಾತ್ರೆಯು ಇಲ್ಲಿಂದಲೇ ಆರಂಭವಾಗಬೇಕು. ಏಕೆಂದರೆ, 1918ರಲ್ಲಿ ಇದೇ ಗಿರಿಯ ಮೇಲಿಂದ ಕೆಳಗಣ ದಾರಿಯನ್ನು ನೋಡುತ್ತಿದ್ದವರು ಫಿರಂಗಿಯವರು. “ದೂರದ ಬೆಟ್ಟ ನುಣ್ಣಗೆ” ಎಂಬ ಮಾತು ಅಂದು ಬೆಟ್ಟದ ಕೆಳಗಿದ್ದವರಿಗೆ ಚೆನ್ನಾಗಿ ಮನದಟ್ಟಾಗಿದ್ದಿರಬೇಕು.

ಆ ಕೆಳಗಿದ್ದವರು ಯಾರು? 1914ರಲ್ಲಿ ಮಹಾಯುದ್ಧವು ಆರಂಭವಾದಾಗ ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರು ಇಂಗ್ಲಿಷರಿಗೆ 50 ಲಕ್ಷ ರೂಪಾಯಿಗಳನ್ನು ಕೊಟ್ಟುದಲ್ಲದೆ, ಸಂಸ್ಥಾನದ ಅಶ್ವದಳವಾದ ಮೈಸೂರು ಲ್ಯಾನ್ಸರ್ಸ್ ಪಡೆಯನ್ನೂ ಕಳುಹಿಸಿದರು. ಲ್ಯಾನ್ಸರ್ ಎಂದರೆ ಭರ್ಜಿ ಹಿಡಿದ ಸವಾರನು. ಹಿಂದೂಗಳೂ ಮುಸಲ್ಮಾನರೂ ಕೂಡಿದ್ದ ಈ ಪಡೆಯು ಮೊದಲು ಈಜಿಪ್ತಿನಲ್ಲಿ ಸೂಯೆಜ್ ಕಾಲುವೆಯನ್ನು ಕಾಯಿತು. ಬಳಿಕ ಪ್ಯಾಲೆಸ್ತೀನಿನ ದಂಡಯಾತ್ರೆಯಲ್ಲಿ ನಡೆಯಿತು. ಜೋಧಪುರ, ಹೈದರಾಬಾದ್ ಸಂಸ್ಥಾನಗಳ ಲ್ಯಾನ್ಸರ್ಸ್ ಪಡೆಗಳೂ ಇದರೊಡನೆ 15ನೆಯ ಅಶ್ವದಳ ಬ್ರಿಗೇಡಿಗೆ ಸೇರಿದ್ದವು.

1918ರ ಸೆಪ್ಟೆಂಬರ್ 19ರಂದು ಜನರಲ್ ಅಲೆನ್ಬಿಯ ಸೇನೆಯು ತುರ್ಕಿಯ ವ್ಯೂಹವನ್ನು ಭೇದಿಸಿತು. ಮುಂದುವರಿದ ಸೇನೆಗೆ ಕಡಲಿನಿಂದ ಆಹಾರ, ಮದ್ದುಗುಂಡುಗಳನ್ನು ಇಳಿಸಲು ಹೈಫಾ ಬಂದರು ಬೇಕಾಯಿತು. 22ರಂದು ಕವಚದ ಮೋಟಾರುಗಳು ಹೋಗಿ, ಗುಂಡಿನ ಹೊಡೆತಕ್ಕೆ ಹಿಂದಿರುಗಿದವು. ಮರುದಿನ ಬೆಳಗಿನ ಜಾವದಲ್ಲಿ ಅಶ್ವದಳವು ಹೊರಟಿತು. ಊರಿಗೆ ಹೋಗುವ ದಾರಿಯು ಒಂದು ಕಡೆ ಗಿರಿಗೂ ಮತ್ತೊಂದು ಕಡೆ ಕೀಷೋನಿನ ಜವುಗಿಗೂ ನಡುವಣ ಇಕ್ಕಟ್ಟು. ಗಿರಿಯ ಮೇಲೆ ಫಿರಂಗಿಗಳು, ಇಳಿಜಾರಿನಲ್ಲಿಯೂ ನದಿಯ ಬದಿಯಲ್ಲಿಯೂ ಮೆಷಿನ್‌ಗನ್ನುಗಳು. ಎದುರಾಳಿಗಳಲ್ಲಿ ತುರ್ಕಿಯವರಲ್ಲದೆ ಜರ್ಮನರೂ ಇದ್ದರು.

ಮೈಸೂರಿನ ಒಂದು ತುಕಡಿಯನ್ನು ಗಿರಿಯನ್ನೇರಿ ಫಿರಂಗಿಗಳನ್ನು ಹಿಡಿಯಲು ಕಳುಹಿಸಿದರು. ಕಡಿದಾದ ಕಲ್ಲುದಾರಿ, ಏರುತ್ತಿದ್ದಂತೆ ಕುದುರೆಗಳು ಸೋತವು, ಜೊತೆಗಾರರ ಸಂಖ್ಯೆ ಕುಗ್ಗಿತು. ಆದರೂ ಉಳಿದವರು ಮೇಲೆ ಮುಟ್ಟಿ ಫಿರಂಗಿಗಳ ಮೇಲೆ ಬಿದ್ದರು. ಹೆಚ್ಚುಕಡಮೆ ಅದೇ ಹೊತ್ತಿಗೆ, ಮಧ್ಯಾಹ್ನ 2 ಘಂಟೆಗೆ, ಜೋಧಪುರದವರು ಕೆಳಗಿನಿಂದ ಕುದುರೆಗಳನ್ನು ಬಿಟ್ಟರು. ನದಿಯ ದಂಡೆಯಲ್ಲಿ ಮುಂಚೂಣಿಯ ಕುದುರೆಗಳು ಹೂಳಿನಲ್ಲಿ ಹೂತವು. ಅದನ್ನು ಕಂಡು ಸವಾರರು ಎಡಕ್ಕೆ ತಿರುಗಿ, ಗಿರಿಯ ಬುಡದ ಮೆಷಿನ್‌ಗನ್ನುಗಳ ಮೇಲೆಯೇ ಹಾಯ್ದು ಊರ ದಾರಿಯನ್ನು ತೆರೆದರು. ಅಲ್ಲಿಯವರೆಗೆ ಗುಂಡು ಹಾರಿಸಿ ಅವರಿಗೆ ಆಸರೆಯಾಗಿದ್ದ ಮೈಸೂರಿನ ಉಳಿದ ತುಕಡಿಗಳು ಕುದುರೆಯನ್ನೇರಿ ಹಿಂದೆಯೇ ಊರನ್ನು ಹೊಕ್ಕವು. ಸಂಜೆಯೊಳಗಾಗಿ ಹೈಫಾ ವಶವಾಯಿತು. ಸೆರೆಸಿಕ್ಕವರು 1,350 ಮಂದಿ. ಫಿರಂಗಿಗಳು 17, ಮೆಷಿನ್‌ಗನ್ನುಗಳು 11. ಬ್ರಿಗೇಡಿನಲ್ಲಿ ಮಡಿದವರು 8, ಗಾಯಗೊಂಡವರು 34. ಜೋಧಪುರದ ಮೇಜರ್ ದಳಪತ್ ಸಿಂಗನು ಮಡಿದವರಲ್ಲೊಬ್ಬನು. ಕುದುರೆಗಳಲ್ಲಿ 60 ಸತ್ತವು, 83 ಗಾಯಗೊಂಡವು. ಸವಾರರ ಪ್ರಾಣವು ಬಹುಮಟ್ಟಿಗೆ ಉಳಿದುದು ಆ ಮೂಕಪ್ರಾಣಿಗಳ ವೇಗದಿಂದ.

ಇಲ್ಲಿ ಎರಡು ಆಕ್ಷೇಪಗಳು ಏಳಬಹುದು. ಮೈಸೂರಿನ ಸೇನೆಗೂ ಕೂಡ್ಲಿಗಿ ಸೀಮೆಗೂ ಏನು ಸಂಬಂಧ ಎಂಬುದು ಮೊದಲನೆಯದು. ನಿಜ, 1918ರಲ್ಲಿ ಈ ಸೀಮೆಯು ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮೈಸೂರು ನೆರೆಯ ರಾಜ್ಯವಾಗಿತ್ತು. 1953ರ ಅಕ್ಟೋಬರ್ 1ರಂದು ಇದು ಮೈಸೂರಿಗೆ ಸೇರಿತು. ಅದೇ ವರ್ಷದಲ್ಲಿ ಮೈಸೂರು ಲ್ಯಾನ್ಸರ್ಸಿನ ಉಳಿದ ಭಾಗವು ಇತರ ಸಂಸ್ಥಾನಗಳ ಅಶ್ವದಳಗಳೊಡನೆ ಭಾರತ ಸೇನೆಯ 61ನೆಯ ಅಶ್ವದಳದಲ್ಲಿ ಲೀನವಾಯಿತು. ಕೂಡುಕುಟುಂಬಕ್ಕೆ ಸೇರಿದವನು ಆಸ್ತಿಗೆ ಮಾತ್ರ ಹಕ್ಕುದಾರನಾಗುವುದಿಲ್ಲ. ಹಿರಿಯರ ಶ್ರಾದ್ಧಕ್ಕೂ ಬಾಧ್ಯನಾಗುವನು.

ಎರಡನೆಯ ಆಕ್ಷೇಪವು ಇದಕ್ಕಿಂತ ಗಾಢವಾದುದು. ಆ ಯುದ್ಧವು ಯಾರದು? ಇಂಗ್ಲಿಷರ ಸಾಮ್ರಾಜ್ಯಕ್ಕಾಗಿ, ತಮಗೆ ಯಾವ ದ್ವೇಷವೂ ಇಲ್ಲದ ತುರ್ಕಿಯವರೊಡನೆ, ಮೈಸೂರಿನ ಒಕ್ಕಲುಮನೆಗಳ ಮಕ್ಕಳು ಏಕೆ ಕಾದಬೇಕಾಗಿತ್ತು? ಈ ಪ್ರಶ್ನೆಯನ್ನು ಮುಚ್ಚುವುದು ಸತ್ಯಕ್ಕೆ ಅಪಚಾರ. ಅಲ್ಲಿ ಗೆದ್ದ ನೆಲವು ಮೈಸೂರಿಗೆ ಬರಲಿಲ್ಲ. ಆ ನೆಲದ ಜನಕ್ಕೆ ಅದರಿಂದ ಶಾಂತಿಯೂ ದೊರೆಯಲಿಲ್ಲ. ಆದರೆ ವೀರಗಲ್ಲಿನ ಮುಂದೆ ನಿಂತಾಗಲೂ ಇದೇ ಪ್ರಶ್ನೆಯುಂಟು. ಯಾವನೋ ಅರಸನ ಹಗೆಗಾಗಿ, ಯಾವ ಊರಿನದೋ ತುರುಗಳಿಗಾಗಿ ಮಡಿದವರೇ ಆ ಕಲ್ಲುಗಳಲ್ಲಿ ಅನೇಕರು. ಕಲ್ಲನ್ನು ನಿಲ್ಲಿಸಿದವರು ಅರಸನ ಕಾರಣವನ್ನು ತೂಗಲಿಲ್ಲ. ಹಿಂದಿರುಗಿ ಬಾರದವನನ್ನು ನೆನೆದರು. ಕಾರಣವನ್ನು ವಿಚಾರಿಸುವುದು ಇತಿಹಾಸದ ಕೆಲಸ. ಮಡಿದವನನ್ನು ಮರೆಯದಿರುವುದು ಮನೆಯವರ ಕೆಲಸ. ಇವೆರಡೂ ಒಂದನ್ನೊಂದು ಕೆಡಿಸಬೇಕಾಗಿಲ್ಲ.

ಹೈಫಾದಲ್ಲಿ ಯಾಫಾ ರಸ್ತೆಯ ಬಳಿ ಭಾರತೀಯ ಸೈನಿಕರ ಸ್ಮಶಾನವಿದೆ. ಅದು ಕಾಮನ್‌ವೆಲ್ತ್ ಯುದ್ಧಸಮಾಧಿಗಳ ಆಯೋಗದ ಪಾಲನೆಯಲ್ಲಿರುವುದು. 2017ರ ಜುಲೈ 6ರಂದು ಭಾರತದ ಪ್ರಧಾನಮಂತ್ರಿಗಳು ಅಲ್ಲಿ ಗೌರವವನ್ನರ್ಪಿಸಿದರು. ದಿಲ್ಲಿಯ ತೀನ್ ಮೂರ್ತಿಯ ಮೂವರು ಕಂಚಿನ ಯೋಧರು ಹೈದರಾಬಾದ್, ಜೋಧಪುರ, ಮೈಸೂರು ಎಂಬ ಮೂರು ಪಡೆಗಳ ಪ್ರತಿನಿಧಿಗಳು. 2018ರಲ್ಲಿ ಆ ಚೌಕದ ಹೆಸರಿಗೆ ಹೈಫಾದ ಹೆಸರನ್ನು ಕೂಡಿಸಿದರು. ಸೆಪ್ಟೆಂಬರ್ 23ನ್ನು ಸೇನೆಯಲ್ಲಿ ಹೈಫಾ ದಿನವೆಂದು ಆಚರಿಸುವರು.

ಆ ನಾಡಿನಲ್ಲಿ ಯುದ್ಧದ ಭೀತಿಯು ಮತ್ತೆಮತ್ತೆ ಮರಳುತ್ತಿರುವುದರಿಂದ ಹೈಫಾಕ್ಕೆ ಹೊರಡುವವರು ಕಾಲವನ್ನು ವಿಚಾರಿಸಿಯೇ ಹೊರಡಬೇಕು. ಹೋದವರು ಉದ್ಯಾನಕ್ಕೆ ಒಂದು ಬೆಳಗನ್ನು ಕೊಟ್ಟಲ್ಲಿ ಸ್ಮಶಾನಕ್ಕೆ ಒಂದು ಘಳಿಗೆಯನ್ನಾದರೂ ಕೊಡಬೇಕು. ಹೋಗಲಾರದವರಿಗೂ ದಾರಿಯುಂಟು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸಿನ ಸ್ಮಾರಕವು ನಿಂತಿದೆ. ಮಗನ ಕಾಲೇಜಿಗೋ ಮಗಳ ಮನೆಗೋ ಕೂಡ್ಲಿಗಿಯಿಂದ ರಾತ್ರಿಯ ಬಸ್ಸನ್ನೇರಿ ಬೆಂಗಳೂರಿಗೆ ಹೋಗುವವರು ಬಹಳ. ಅವರಲ್ಲಿ ಒಬ್ಬಿಬ್ಬರು ಮಕ್ಕಳ ಕೈಹಿಡಿದು ಆ ಕಲ್ಲಿನ ಮುಂದೆ ನಿಂತು, ಇದು ಯಾವ ಊರಿನ ಕಾಳಗದ ಕಲ್ಲೆಂಬುದನ್ನು ತಿಳಿಸಿದರೆ, ಕಡಲಾಚೆಯ ಆ ಸಾಲವು ಅಷ್ಟರಮಟ್ಟಿಗೆ ಸಂದಂತಾಗುವುದು.