ಫಿಂಗೋಲಿಮೋಡ್: ಎಂಎಸ್ ಗುಳಿಗೆ ಮತ್ತು ಅದು ಬೇಡುವ ಎಚ್ಚರ

ಮಲ್ಟಿಪಲ್ ಸ್ಕ್ಲೆರೋಸಿಸ್, ಚಿಕ್ಕದಾಗಿ ಎಂಎಸ್, ದೇಹದ ರೋಗನಿರೋಧಕ ಕಣಗಳೇ ಮೆದುಳು ಮತ್ತು ಬೆನ್ನುಹುರಿಯ ನರತಂತುಗಳ ಮೈಲಿನ್ ಹೊದಿಕೆಯನ್ನು ಹಾಳುಗೆಡವುವ ಕಾಯಿಲೆ. ಒಮ್ಮೆ ಒಂದು ಕಣ್ಣು ಮಂಜಾಗುತ್ತದೆ, ಇನ್ನೊಮ್ಮೆ ಕಾಲಿಗೆ ಜೋಮು ಹಿಡಿಯುತ್ತದೆ. ಕೆಲವು ವಾರಗಳಲ್ಲಿ ಸುಧಾರಿಸಿ ಮತ್ತೆ ಯಾವಾಗಲೋ ಮರುಕಳಿಸುತ್ತದೆ. ಈ ಮರುಕಳಿಕೆಯನ್ನು ತಗ್ಗಿಸುವ ಔಷಧಿಗಳನ್ನು ಅಮೆರಿಕದಲ್ಲಿ 2010ರವರೆಗೂ ಚುಚ್ಚುಮದ್ದಾಗಿ ಇಲ್ಲವೇ ಡ್ರಿಪ್ ಮೂಲಕವೇ ಕೊಡಬೇಕಿತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಫಿಂಗೋಲಿಮೋಡ್‌ಗೆ ಒಪ್ಪಿಗೆ ಕೊಟ್ಟಿತು. ಎಂಎಸ್ ಮರುಕಳಿಕೆಯನ್ನು ತಗ್ಗಿಸುವ, ನುಂಗುವ ಔಷಧಿಗಳಲ್ಲಿ ಎಫ್‌ಡಿಎ ಒಪ್ಪಿದ ಮೊದಲನೆಯದು ಅದೇ.

ಈಗ ಭಾರತದಲ್ಲಿ ಹಲವು ಕಂಪನಿಗಳ ಜನರಿಕ್ ಕ್ಯಾಪ್ಸೂಲ್‌ಗಳು ಸಿಗುತ್ತವೆ. ವಯಸ್ಕರಿಗೆ ದಿನಕ್ಕೊಂದು, 0.5 ಮಿಲಿಗ್ರಾಂ. ಊಟಕ್ಕೆ ಮೊದಲೋ ಆಮೇಲೋ ಎಂಬ ಕಟ್ಟುಪಾಡಿಲ್ಲ. ನುಂಗುವುದು ಇಷ್ಟು ಸುಲಭವಾದ್ದರಿಂದಲೇ ಇದನ್ನು ಬಿ.ಪಿ. ಮಾತ್ರೆಯಂತೆ ಕಾಣುವವರು ಬಹಳ. ಆದರೆ ಇದರಲ್ಲಿ ಅಪಾಯ ಹೆಚ್ಚಿರುವುದು ಎರಡು ಹೊತ್ತಿನಲ್ಲಿ: ಶುರು ಮಾಡುವಾಗ ಮತ್ತು ನಿಲ್ಲಿಸುವಾಗ. ರೋಗಿಯಷ್ಟೇ ಅಲ್ಲ, ಮನೆಯವರೂ ಇದನ್ನು ತಿಳಿದಿರಬೇಕು.

ಶಿಲೀಂಧ್ರದಿಂದ ಬಂದ ಔಷಧಿ

ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ತೆತ್ಸುರೊ ಫುಜಿತ ಮತ್ತು ಸಂಗಡಿಗರು 1990ರ ದಶಕದಲ್ಲಿ ಕೀಟಗಳ ಮೇಲೆ ಬೆಳೆಯುವ ಐಸೇರಿಯಾ ಸಿಂಕ್ಲೇರಿ ಎಂಬ ಶಿಲೀಂಧ್ರವನ್ನು ಪರಿಶೀಲಿಸಿ, ಅದರಲ್ಲಿ ಮಿರಿಯೋಸಿನ್ ಎಂಬ ವಸ್ತುವನ್ನು ಕಂಡುಕೊಂಡರು. ಅದು ರೋಗನಿರೋಧಕ ಶಕ್ತಿಯನ್ನು ಬಲವಾಗಿ ಅಡಗಿಸುತ್ತಿತ್ತು, ವಿಷಗುಣವೂ ಅಷ್ಟೇ ಇತ್ತು. ಅದರ ರಚನೆಯನ್ನು ಬದಲಿಸಿ ಸರಳಗೊಳಿಸುತ್ತ ಹೋದಾಗ ಸಿಕ್ಕಿದ್ದು ಫಿಂಗೋಲಿಮೋಡ್.

ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ದುಗ್ಧಗ್ರಂಥಿಗಳಿಂದ ಹೊರಟು ರಕ್ತ ಸೇರಬೇಕಾದರೆ ಎಸ್1ಪಿ ಎಂಬ ಅಣುವಿನ ಸಂಕೇತ ಅವಕ್ಕೆ ಸಿಗಬೇಕು. ಆ ಸಂಕೇತವನ್ನು ಹಿಡಿಯುವ ಗ್ರಾಹಕಗಳನ್ನು ಫಿಂಗೋಲಿಮೋಡ್ ನಿಷ್ಕ್ರಿಯಗೊಳಿಸುತ್ತದೆ. ಕಣಗಳು ಸಾಯುವುದಿಲ್ಲ, ಗ್ರಂಥಿಯೊಳಗೇ ಉಳಿಯುತ್ತವೆ. ಮೆದುಳಿನತ್ತ ಹೋಗುವುದು ಕಡಿಮೆಯಾಗುತ್ತದೆ. ರಕ್ತದಲ್ಲಿ ಅವುಗಳ ಎಣಿಕೆ ಮೊದಲಿದ್ದುದರ ಶೇ 20-30ಕ್ಕೆ ಇಳಿಯುತ್ತದೆ. 2010ರಲ್ಲಿ ಪ್ರಕಟವಾದ ಎರಡು ವರ್ಷಗಳ ಪ್ರಯೋಗವೊಂದರಲ್ಲಿ, ಹುಸಿ ಗುಳಿಗೆ ಪಡೆದ ನೂರು ಜನರಲ್ಲಿ ವರ್ಷಕ್ಕೆ ಸುಮಾರು 40 ಮರುಕಳಿಕೆಗಳಾದರೆ, ಫಿಂಗೋಲಿಮೋಡ್ ಪಡೆದವರಲ್ಲಿ ಅದು 18ಕ್ಕೆ ಇಳಿದಿತ್ತು. ದೊಡ್ಡ ಲಾಭವೇ. ಆದರೆ ಇದೇ ಗ್ರಾಹಕಗಳು ಹೃದಯದಲ್ಲೂ ರಕ್ತನಾಳಗಳಲ್ಲೂ ಇವೆ. ಎಚ್ಚರಿಕೆಯ ಮಾತುಗಳು ಮೆದುಳಿಗಷ್ಟೇ ನಿಲ್ಲದೆ ಎದೆ, ಕಣ್ಣುಗಳವರೆಗೆ ಹಬ್ಬಿರುವುದು ಇದರಿಂದಲೇ.

ಮೊದಲ ಗುಳಿಗೆಗೆ ಮುನ್ನ

ಮೊದಲನೆಯದಾಗಿ, ಇರುವ ಕಾಯಿಲೆ ಎಂಎಸ್ಸೇ ಹೌದೇ ಎಂಬುದು ಖಚಿತವಾಗಬೇಕು. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಇನ್ನೊಂದು ಕಾಯಿಲೆಯೂ ಕಣ್ಣಿನ ನರ ಮತ್ತು ಬೆನ್ನುಹುರಿಯನ್ನೇ ಹಿಡಿಯುತ್ತದೆ, ಮೇಲ್ನೋಟಕ್ಕೆ ಎಂಎಸ್‌ನಂತೆಯೇ ಕಾಣುತ್ತದೆ. ಮಂಗಳೂರಿನಲ್ಲಿ ನರರೋಗ ತಜ್ಞೆ ಡಾ. ಲೇಖಾ ಪಂಡಿತ್ ಮತ್ತು ಸಹೋದ್ಯೋಗಿಗಳ ಅಧ್ಯಯನಗಳು ನಮ್ಮ ಕರಾವಳಿಯಲ್ಲಿ ಎರಡೂ ಕಾಯಿಲೆಗಳನ್ನು ದಾಖಲಿಸಿವೆ. ನ್ಯೂರೋಮೈಲೈಟಿಸ್ ಆಪ್ಟಿಕಾ ಇರುವವರಿಗೆ ತಪ್ಪಾಗಿ ಫಿಂಗೋಲಿಮೋಡ್ ಕೊಟ್ಟಾಗ ರೋಗ ತೀವ್ರವಾಗಿ ಉಲ್ಬಣಿಸಿದ ಪ್ರಕರಣಗಳು ವರದಿಯಾಗಿವೆ. ಅನುಮಾನಕ್ಕೆ ಎಡೆಯಿದ್ದರೆ ಅಕ್ವಾಪೋರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಆಗಿದೆಯೇ ಎಂದು ಕೇಳುವ ಹಕ್ಕು ರೋಗಿಗಿದೆ.

ಎರಡನೆಯದು, ನಮ್ಮಲ್ಲಿ ‘ಅಮ್ಮ’ ಎಂದು ಕರೆಯುವ ಚಿಕನ್ ಪಾಕ್ಸ್. ಫಿಂಗೋಲಿಮೋಡ್ ಪ್ರಯೋಗವೊಂದರಲ್ಲಿ, ಈಗಿನದಕ್ಕಿಂತ ಹೆಚ್ಚಿನ 1.25 ಮಿಲಿಗ್ರಾಂ ಪಡೆಯುತ್ತಿದ್ದ ಒಬ್ಬರು ಇದೇ ವೈರಸ್ ಮೈಯೆಲ್ಲ ಹರಡಿ ತೀರಿಕೊಂಡರು. ತಣ್ಣನೆಯ ದೇಶಗಳಲ್ಲಿ ಬಹುತೇಕ ಎಲ್ಲರಿಗೂ ಬಾಲ್ಯದಲ್ಲೇ ಬಂದುಹೋಗುವ ಈ ಸೋಂಕು, ಭಾರತದಂಥ ಬಿಸಿ ನಾಡುಗಳಲ್ಲಿ ಎಷ್ಟೋ ಜನರಿಗೆ ದೊಡ್ಡವರಾಗುವವರೆಗೂ ಬಂದಿರುವುದಿಲ್ಲ. ಹಾಗಾಗಿ ಇದರ ರಕ್ತಪರೀಕ್ಷೆ ನಮಗೆ ಹೆಚ್ಚು ಮುಖ್ಯ. ‘ಚಿಕ್ಕಂದಿನಲ್ಲಿ ಏನೋ ಎದ್ದಿತ್ತಂತೆ’ ಎಂಬ ನೆನಪು ಸಾಲದು. ರಕ್ತದಲ್ಲಿ ಪ್ರತಿಕಾಯ ಇದೆಯೇ ನೋಡಿಸಬೇಕು. ಇಲ್ಲದಿದ್ದರೆ ಲಸಿಕೆ ಪೂರ್ತಿ ಹಾಕಿಸಿ, ಒಂದು ತಿಂಗಳು ಕಾದು ಗುಳಿಗೆ ಶುರು ಮಾಡುವುದು ಕ್ರಮ. ಶುರುವಾದ ಮೇಲೆ ಜೀವಂತ ವೈರಸ್ ಇರುವ ಲಸಿಕೆಗಳನ್ನು ಹಾಕಿಸುವಂತಿಲ್ಲ.

ಮೂರನೆಯದು ಹೃದಯ. ಹಿಂದಿನ 6 ತಿಂಗಳಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ತೀವ್ರ ಹೃದಯ ವೈಫಲ್ಯ ಆಗಿದ್ದವರಿಗೆ, ಪೇಸ್‌ಮೇಕರ್ ಇಲ್ಲದೆ ಕೆಲವು ಬಗೆಯ ಹಾರ್ಟ್ ಬ್ಲಾಕ್ ಇರುವವರಿಗೆ ಈ ಔಷಧಿ ಸಲ್ಲದು. ಬಿ.ಪಿ.ಗೋ ಎದೆಬಡಿತಕ್ಕೋ ಅಟೆನೊಲಾಲ್, ಮೆಟೊಪ್ರೊಲಾಲ್, ಡಿಲ್ಟಿಯಾಜೆಮ್, ಡಿಗಾಕ್ಸಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ನರರೋಗ ತಜ್ಞರಿಗೆ ಮೊದಲೇ ಹೇಳಬೇಕು. ಆ ಮಾತ್ರೆಗಳೂ ನಾಡಿಯನ್ನು ನಿಧಾನಗೊಳಿಸುತ್ತವೆ.

ಇವಲ್ಲದೆ ಪೂರ್ಣ ರಕ್ತಕಣ ಎಣಿಕೆ, ಲಿವರ್ ಪರೀಕ್ಷೆ, ಕಣ್ಣಿನ ಪರೀಕ್ಷೆ, ಚರ್ಮದ ತಪಾಸಣೆ ಇರುತ್ತವೆ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಗರ್ಭಧಾರಣೆಯ ಪರೀಕ್ಷೆಯೂ ಬೇಕು, ಏಕೆಂದರೆ ಈ ಔಷಧಿ ಭ್ರೂಣಕ್ಕೆ ಹಾನಿ ಮಾಡಬಲ್ಲದು.

ಮೊದಲ ಆರು ಗಂಟೆ

ಮೊದಲ ಗುಳಿಗೆಯನ್ನು ಮನೆಯಲ್ಲಿ ನುಂಗಬಾರದು. ನುಂಗಿದ ಒಂದು ಗಂಟೆಯೊಳಗೇ ನಾಡಿಬಡಿತ ಇಳಿಯತೊಡಗುತ್ತದೆ, ಸಾಮಾನ್ಯವಾಗಿ ಆರು ಗಂಟೆಯೊಳಗೆ ತೀರ ಕೆಳಮಟ್ಟ ಮುಟ್ಟುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ಮೊದಲಿಗೊಂದು ಇಸಿಜಿ, ಆಮೇಲೆ ಪ್ರತಿ ಗಂಟೆಗೊಮ್ಮೆ ನಾಡಿ ಮತ್ತು ಬಿ.ಪಿ., ಆರು ಗಂಟೆ ಕಳೆದ ಮೇಲೆ ಇನ್ನೊಂದು ಇಸಿಜಿ ಮಾಡುತ್ತಾರೆ. ನಾಡಿ ನಿಮಿಷಕ್ಕೆ 45ಕ್ಕಿಂತ ಕೆಳಗಿಳಿದರೆ, ಅಥವಾ ಆರನೇ ಗಂಟೆಯಲ್ಲೂ ಇಳಿಮುಖವಾಗಿಯೇ ಇದ್ದರೆ, ಇನ್ನಷ್ಟು ಹೊತ್ತು ಉಳಿಸಿಕೊಳ್ಳುತ್ತಾರೆ. ಔಷಧಿಯಿಂದಲೇ ಸರಿಪಡಿಸಬೇಕಾಗಿ ಬಂದರೆ ರಾತ್ರಿಯೂ ಅಲ್ಲೇ. ಬಹುತೇಕರಿಗೆ ಏನೂ ಗೊತ್ತೇ ಆಗುವುದಿಲ್ಲ. ಕೆಲವರಿಗೆ ತಲೆ ಸುತ್ತುತ್ತದೆ, ಸುಸ್ತಾಗುತ್ತದೆ, ಕಣ್ಣು ಕತ್ತಲಿಟ್ಟಂತಾಗುತ್ತದೆ. ಸುಮ್ಮನೆ ಸಹಿಸಿಕೊಂಡು ಕೂರದೆ ನರ್ಸ್‌ಗೆ ಆಗಲೇ ಹೇಳಬೇಕು. ಗುಳಿಗೆ ಮುಂದುವರಿದಂತೆ ನಾಡಿ ಸುಮಾರು ಒಂದು ತಿಂಗಳಲ್ಲಿ ಮೊದಲಿನಂತಾಗುತ್ತದೆ.

ತಿಂಗಳುಗಳು ಉರುಳಿದಂತೆ

ಮೂರು-ನಾಲ್ಕು ತಿಂಗಳಾದಾಗ ಕಣ್ಣಿನ ಡಾಕ್ಟರರನ್ನು ಕಾಣುವುದನ್ನು ತಪ್ಪಿಸಬಾರದು. ಅಕ್ಷಿಪಟಲದ ನಡುಭಾಗದಲ್ಲಿ ನೀರು ತುಂಬಿಕೊಳ್ಳುವ ಮ್ಯಾಕ್ಯುಲರ್ ಎಡಿಮಾ ವಿರಳ, ಆದರೆ ಸಕ್ಕರೆ ಕಾಯಿಲೆಯವರಿಗೆ ಅದರ ಸಾಧ್ಯತೆ ಹೆಚ್ಚು. ದೃಷ್ಟಿ ಮಂಜಾದಾಗ ‘ಇದು ಎಂಎಸ್‌ನದ್ದೇ’ ಎಂದು ತಾವೇ ತೀರ್ಮಾನಿಸಿಕೊಳ್ಳುವುದು ಇಲ್ಲಿ ಆಗುವ ತಪ್ಪು. ಲಿವರ್ ಕಿಣ್ವಗಳು ಮೊದಲ ವರ್ಷ ಏರುವುದುಂಟು, ಅದಕ್ಕಾಗಿ ಹಲವು ಸಲ ರಕ್ತ ಕೊಡಬೇಕಾಗುತ್ತದೆ. ಕಣ್ಣು ಹಳದಿಯಾದರೆ, ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಮುಂದಿನ ತಪಾಸಣೆಯ ದಿನಕ್ಕೆ ಕಾಯಬಾರದು. ಬಿ.ಪಿ. ಕೂಡ ಸ್ವಲ್ಪ ಏರಬಹುದು.

ಸೋಂಕುಗಳ ವಿಷಯ ಇನ್ನೂ ಗಂಭೀರ. ಸರ್ಪಸುತ್ತಿನ ಗುಳ್ಳೆ ಕಂಡ ದಿನವೇ ಡಾಕ್ಟರರ ಬಳಿ ಹೋಗಬೇಕು. ಜ್ವರದ ಜೊತೆ ಜೋರು ತಲೆನೋವು, ಕತ್ತು ಬಿಗಿತ, ಬೆಳಕು ನೋಡಲಾಗದ ಸ್ಥಿತಿ ಇದ್ದರೆ ಅದು ಕ್ರಿಪ್ಟೋಕಾಕಸ್ ಶಿಲೀಂಧ್ರದ ಮೆದುಳು ಪೊರೆಯ ಉರಿಯೂತ ಆಗಿರಬಹುದು. ತಡಮಾಡಿದರೆ ಜೀವಕ್ಕೇ ಅಪಾಯ. ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ತೀರ ಅಪರೂಪವಾಗಿ ಪಿಎಂಎಲ್ ಎಂಬ ಮೆದುಳಿನ ಸೋಂಕೂ ಬರುತ್ತದೆ. ಮಾತು ತಡವರಿಸುವುದು, ಒಂದು ಬದಿ ನಿಧಾನವಾಗಿ ಸೋಲುವುದು, ನಡವಳಿಕೆಯೇ ಬೇರೆಯಾಗುವುದು ಅದರ ಗುರುತುಗಳು. ಇವನ್ನು ರೋಗಿಗಿಂತ ಮೊದಲು ಗಮನಿಸುವವರು ಮನೆಯವರೇ.

ಕಷಾಯ ಮತ್ತು ಬೇರೆ ಮಾತ್ರೆಗಳು

ಮುಖದ ನರದ ನೋವಿಗೆ ಎಂಎಸ್ ರೋಗಿಗಳು ತೆಗೆದುಕೊಳ್ಳುವ ಕಾರ್ಬಮಜೆಪಿನ್ ಫಿಂಗೋಲಿಮೋಡ್‌ನ ಮಟ್ಟವನ್ನು ತಗ್ಗಿಸುತ್ತದೆ. ಶಿಲೀಂಧ್ರ ಸೋಂಕಿನ ಕೀಟೊಕೊನಜೋಲ್ ಮಾತ್ರೆ ಏರಿಸುತ್ತದೆ. ಮೆಡಿಕಲ್ ಶಾಪಿನಲ್ಲಿ ಏನೇ ಕೊಂಡರೂ ಈ ಗುಳಿಗೆಯ ಹೆಸರು ಹೇಳಿಯೇ ಕೊಳ್ಳುವುದು ಒಳ್ಳೆಯದು.

ನಮ್ಮ ಮನೆಗಳಲ್ಲಿ ಇದಕ್ಕಿಂತ ದೊಡ್ಡ ಪ್ರಶ್ನೆ ಅಮೃತಬಳ್ಳಿಯದು. ರೋಗನಿರೋಧಕ ಶಕ್ತಿ ಹೆಚ್ಚಲಿ ಎಂದು ಪ್ರೀತಿಯಿಂದಲೇ ಕಷಾಯ ಮಾಡಿಕೊಡುತ್ತಾರೆ. ಆದರೆ ಎಂಎಸ್‌ನಲ್ಲಿ ಕಡಿಮೆಯಾಗಿರುವುದು ಆ ಶಕ್ತಿಯಲ್ಲ, ದಾರಿ ತಪ್ಪಿರುವುದು ಅದು. ಸಾಲದ್ದಕ್ಕೆ, ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದವರಲ್ಲಿ ಲಿವರ್ ಉರಿಯೂತ ಕಂಡದ್ದನ್ನು ಭಾರತದ ವೈದ್ಯರೇ ವರದಿ ಮಾಡಿದ್ದಾರೆ. ಲಿವರ್ ಮೇಲೆ ಕಣ್ಣಿಡಲೇಬೇಕಾದ ಗುಳಿಗೆಯ ಜೊತೆ ಇದನ್ನು ಸೇರಿಸದಿರುವುದೇ ಲೇಸು.

ಒಂದು ದಿನ ಮರೆತರೆ

ಮರೆತ ಗುಳಿಗೆಗೆ ಬದಲಾಗಿ ಮರುದಿನ ಎರಡು ನುಂಗಬಾರದು. ಬಿಟ್ಟುಹೋದ ದಿನಗಳು ಎಷ್ಟು, ಚಿಕಿತ್ಸೆ ಶುರುವಾಗಿ ಎಷ್ಟು ಕಾಲವಾಯಿತು ಎಂಬುದರ ಮೇಲೆ ಮುಂದಿನ ಹೆಜ್ಜೆ ನಿಂತಿದೆ. ಮೊದಲ ಎರಡು ವಾರಗಳಲ್ಲಿ ಒಂದೇ ದಿನ ತಪ್ಪಿದರೂ, ಮೂರು-ನಾಲ್ಕನೇ ವಾರಗಳಲ್ಲಿ 7 ದಿನಗಳಿಗಿಂತ ಹೆಚ್ಚು ತಪ್ಪಿದರೆ, ಒಂದು ತಿಂಗಳಾದ ಮೇಲೆ 14 ದಿನಗಳಿಗಿಂತ ಹೆಚ್ಚು ತಪ್ಪಿದರೆ, ಮತ್ತೆ ಆಸ್ಪತ್ರೆಯಲ್ಲಿ ಆರು ಗಂಟೆಗಳ ನಿಗಾದಲ್ಲೇ ಶುರು ಮಾಡಬೇಕು. ಹೃದಯಕ್ಕೆ ಅದು ಮತ್ತೆ ಮೊದಲ ಗುಳಿಗೆಯೇ. ಊರ ಜಾತ್ರೆಗೋ ದೂರದ ಮದುವೆಗೋ ಹೊರಡುವಾಗ ಬೇಕಾದಷ್ಟು ದಿನಗಳಿಗಿಂತ ಒಂದಿಷ್ಟು ಹೆಚ್ಚೇ ಗುಳಿಗೆ ಚೀಲದಲ್ಲಿರಲಿ.

ನಿಲ್ಲಿಸುವುದು

ಈ ಗುಳಿಗೆ ನುಂಗಿದರೆ ಮೈ ಹಗುರಾಗುವುದಿಲ್ಲ, ಹಳೆಯ ಜೋಮು ಹೋಗುವುದಿಲ್ಲ. ಅದರ ಕೆಲಸ ಮುಂದಿನ ದಾಳಿಯನ್ನು ತಡೆಯುವುದು, ತಡೆದದ್ದು ಕಣ್ಣಿಗೆ ಕಾಣುವುದಿಲ್ಲ. ಏಪ್ರಿಲ್‌ನ ಬಿಸಿಲಿಗೆ ಹಳೆಯ ಲಕ್ಷಣಗಳು ತಾತ್ಕಾಲಿಕವಾಗಿ ಹೆಚ್ಚಿದಾಗಲಂತೂ ‘ಇಷ್ಟು ದುಡ್ಡು ಸುರಿದೂ ಏನು ಬಂತು’ ಎನ್ನಿಸುವುದು ಸಹಜ. ಅದು ಸೆಕೆಯ ಪರಿಣಾಮ, ಮೈ ತಣಿದಾಗ ಇಳಿಯುತ್ತದೆ; ಔಷಧಿ ಸೋತಿದೆ ಎಂದಲ್ಲ.

ತಾವಾಗಿ ನಿಲ್ಲಿಸುವುದು ಏಕೆ ಅಪಾಯ ಎಂಬುದನ್ನು ಎಫ್‌ಡಿಎ 2018ರ ನವೆಂಬರ್‌ನಲ್ಲಿ ಎಚ್ಚರಿಕೆಯಾಗಿ ಹೊರಡಿಸಿತು. ನಿಲ್ಲಿಸಿದ ಮೇಲೆ ಕೆಲವರಲ್ಲಿ ಕಾಯಿಲೆ ಮೊದಲಿಗಿಂತ ಎಷ್ಟೋ ಪಟ್ಟು ಜೋರಾಗಿ ಮರಳಿತ್ತು, ಹೆಚ್ಚಿನವರಲ್ಲಿ 12 ವಾರಗಳೊಳಗೆ. ನಡೆದಾಡುತ್ತಿದ್ದವರು ಗಾಲಿಕುರ್ಚಿ ಹಿಡಿದ, ಹಾಸಿಗೆ ಹಿಡಿದ ಪ್ರಕರಣಗಳು ಅದರಲ್ಲಿದ್ದವು. ಗ್ರಂಥಿಗಳಲ್ಲಿ ತಡೆದಿಟ್ಟಿದ್ದ ಕಣಗಳು ಒಂದೆರಡು ತಿಂಗಳಲ್ಲಿ ರಕ್ತಕ್ಕೆ ಮರಳುತ್ತವೆ, ಆಗ ಬೇರೆ ಕಾವಲು ಇಲ್ಲದಿದ್ದರೆ ಹೀಗಾಗುವ ಸಂಭವವಿದೆ.

ಮಗು ಬೇಕೆಂದು ನಿಲ್ಲಿಸುವುದಾದರೆ ಕೊನೆಯ ಗುಳಿಗೆಯ ನಂತರ ಎರಡು ತಿಂಗಳು ಗರ್ಭನಿರೋಧಕ ಮುಂದುವರಿಸಬೇಕು, ಔಷಧಿ ಅಷ್ಟು ಕಾಲ ಮೈಯಲ್ಲಿರುತ್ತದೆ. ಆ ನಡುವೆ ಕಾಯಿಲೆಯನ್ನು ಹಿಡಿದಿಡಲು ಯಾವ ಔಷಧಿ ಎಂಬುದನ್ನು ನಿಲ್ಲಿಸುವ ಮುನ್ನವೇ ತಜ್ಞರೊಡನೆ ಕೂತು ನಿರ್ಧರಿಸಬೇಕು. ಗೊತ್ತಿಲ್ಲದೆ ಗರ್ಭ ನಿಂತಿದ್ದರೆ ಅದೇ ದಿನ ಫೋನ್ ಮಾಡಬೇಕು.

ಹಣದ ಅಡಚಣೆಯಿಂದ ನಿಲ್ಲಿಸುವವರೂ ಇದ್ದಾರೆ. ಸಂಕೋಚ ಬೇಡ, ಕೊನೆಯ ಸ್ಟ್ರಿಪ್ ಮುಗಿಯುವ ಮೊದಲೇ ಡಾಕ್ಟರರಿಗೆ ಹೇಳಿ. ಅಗ್ಗದ ಜನರಿಕ್ ಅಥವಾ ಬೇರೆ ಔಷಧಿ ಸೂಚಿಸಲು ಅವರಿಗೆ ಸಮಯ ಸಿಗುತ್ತದೆ. ನೆರವು ಹುಡುಕುವಾಗ ಇದೂ ನೆನಪಿರಲಿ: 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ಅಂಗವೈಕಲ್ಯಗಳಲ್ಲಿ ಎಂಎಸ್ ಕೂಡ ಒಂದು. ಮಲ್ಟಿಪಲ್ ಸ್ಕ್ಲೆರೋಸಿಸ್ ಸೊಸೈಟಿ ಆಫ್ ಇಂಡಿಯಾಕ್ಕೆ ಬೆಂಗಳೂರಿನಲ್ಲಿ ಶಾಖೆಯಿದೆ. ಇದೇ ಗುಳಿಗೆ ನುಂಗುತ್ತಿರುವ, ಬಿಟ್ಟಿರುವ, ಬದಲಿಸಿರುವ ಜನರನ್ನು ಅಲ್ಲಿ ಕಂಡು ಮಾತನಾಡಬಹುದು.