ಲಾರಿ ಮತ್ತು ದೋಣಿ: ನೆರೆನೀರಿನಲ್ಲಿ ಸೇನಾ ವಾಹನಗಳು

1942ರ ಡಿಸೆಂಬರಿನಲ್ಲಿ ಅಮೆರಿಕದ ಪ್ರಾವಿನ್ಸ್‌ಟೌನ್ ಬಳಿ ಕರಾವಳಿ ರಕ್ಷಣಾ ಪಡೆಯ ಗಸ್ತು ನೌಕೆಯೊಂದು ಬಿರುಗಾಳಿಗೆ ಸಿಕ್ಕಿ ಮರಳುದಿಣ್ಣೆಯನ್ನೇರಿ ನಿಂತಿತು. ಅಲೆಗಳ ಅಬ್ಬರದಲ್ಲಿ ಸಾಮಾನ್ಯ ದೋಣಿಗಳು ಅದರ ಹತ್ತಿರ ಸುಳಿಯಲಾಗಲಿಲ್ಲ. ಪ್ರದರ್ಶನಕ್ಕೆಂದು ಅಲ್ಲಿಗೆ ತಂದಿದ್ದ 'ಡಕ್' ಎಂಬ ಉಭಯಚರ ಲಾರಿ ಏಳು ಮಂದಿಯನ್ನೂ ದಡ ಸೇರಿಸಿತು. ಈ ವಾಹನದ ಬಗ್ಗೆ ಸೇನೆಯೊಳಗಿದ್ದ ಅಪನಂಬಿಕೆ ಅಂದಿಗೆ ಕರಗಿತು. ಯುದ್ಧ ಮುಗಿಯುವಷ್ಟರಲ್ಲಿ 21,000ಕ್ಕೂ ಹೆಚ್ಚು ಡಕ್‌ಗಳು ತಯಾರಾಗಿದ್ದವು. 1953ರಲ್ಲಿ ಸಮುದ್ರವು ನೆದರ್ಲ್ಯಾಂಡ್ಸ್ ದೇಶದ ಒಡ್ಡುಗಳನ್ನು ಒಡೆದು ನುಗ್ಗಿದಾಗಲೂ ಇವು ಜನರ ರಕ್ಷಣೆಗೆ ಬಂದವು.

ಆದರೆ ಡಕ್ ಬರಿಯ ಲಾರಿಯಾಗಿರಲಿಲ್ಲ. ಎರಡೂವರೆ ಟನ್ನಿನ ಲಾರಿಯ ಯಂತ್ರಭಾಗಕ್ಕೆ ದೋಣಿಯ ಒಡಲನ್ನು ತೊಡಿಸಿ, ಪ್ರೊಪೆಲರನ್ನೂ ಒಳಸೇರಿದ ನೀರನ್ನು ಹೊರಹಾಕುವ ಪಂಪನ್ನೂ ಜೋಡಿಸಲಾಗಿತ್ತು. ಅದನ್ನು ತೇಲುವುದಕ್ಕೆಂದೇ ಕಟ್ಟಿದ್ದರು. ಇಂದು ನೆರೆಪೀಡಿತ ಊರುಗಳಿಗೆ ಬರುವ ಸೇನಾ ಲಾರಿಗೆ ಇದಾವುದೂ ಇಲ್ಲ. ಎತ್ತರದ ಗಾಲಿ, ಭಾರದ ಒಡಲು, ಎಲ್ಲ ಗಾಲಿಗಳಿಗೂ ಎಂಜಿನ್ನಿನ ಬಲ: ಇವಿಷ್ಟೇ ಅದರ ಸಾಮರ್ಥ್ಯ. ನಿಂತ ನೀರಿನಲ್ಲಿ ಇಷ್ಟು ಸಾಕಾದೀತು. ಹರಿಯುವ ನೀರಿನ ಲೆಕ್ಕ ಬೇರೆ.

ಆ ಲೆಕ್ಕವನ್ನು ತುಸು ಬಿಡಿಸಿ ನೋಡೋಣ. ನೀರಿನಲ್ಲಿ ಮುಳುಗಿದ ಪ್ರತಿ ಘನ ಮೀಟರ್ ಗಾತ್ರಕ್ಕೆ ವಾಹನದ ತೂಕ ಸುಮಾರು 1000 ಕಿಲೋಗ್ರಾಂನಷ್ಟು ತಗ್ಗುತ್ತದೆ. ಅಷ್ಟರಮಟ್ಟಿಗೆ ನೆಲದ ಮೇಲಿನ ಗಾಲಿಯ ಹಿಡಿತವೂ ಸಡಿಲುತ್ತದೆ. ಅದೇ ಹೊತ್ತಿಗೆ ಪ್ರವಾಹ ಲಾರಿಯ ಉದ್ದನೆಯ ಪಕ್ಕವನ್ನು ತಳ್ಳುತ್ತಿರುತ್ತದೆ. ಹರಿವಿನ ವೇಗ ಇಮ್ಮಡಿಯಾದರೆ ಆ ತಳ್ಳುವಿಕೆ ನಾಲ್ಕು ಪಟ್ಟಾಗುತ್ತದೆ. ಹಿಂಬದಿಯಲ್ಲಿ ಎತ್ತರಕ್ಕೆ ಜನ ತುಂಬಿದ್ದರೆ ಲಾರಿ ಸುಲಭವಾಗಿ ಮಗುಚುತ್ತದೆ. ಇವೆಲ್ಲಕ್ಕಿಂತ ಕಠಿಣವಾದದ್ದು, ಕೆಸರು ನೀರಿನಡಿ ರಸ್ತೆ ಉಳಿದಿದೆಯೋ ಕೊಚ್ಚಿಹೋಗಿದೆಯೋ ಎಂಬುದು ಚಾಲಕನಿಗೆ ಕಾಣುವುದಿಲ್ಲ.

2016ರ ಜೂನ್ 2ರಂದು ಟೆಕ್ಸಸ್ಸಿನ ಫೋರ್ಟ್ ಹುಡ್ ಸೇನಾ ನೆಲೆಯಲ್ಲಿ ಈ ಲೆಕ್ಕ ತಪ್ಪಿತು. ಮಳೆಯಿಂದ ಉಕ್ಕಿದ ಔಲ್ ಕ್ರೀಕ್ ಎಂಬ ಹಳ್ಳವನ್ನು ದಾಟುವ ತಗ್ಗು ರಸ್ತೆಯಲ್ಲಿ ಹನ್ನೆರಡು ಮಂದಿಯಿದ್ದ ಸೇನಾ ಲಾರಿ ಮಗುಚಿತು. ಒಂಬತ್ತು ಮಂದಿ ಸತ್ತರು. ಅವರಲ್ಲೊಬ್ಬರು ವೆಸ್ಟ್ ಪಾಯಿಂಟ್ ಅಕಾಡೆಮಿಯ ಕೆಡೆಟ್. ಅದು ರಕ್ಷಣಾ ಕಾರ್ಯವೂ ಅಲ್ಲ, ವಾಹನ ಚಾಲನೆಯ ತರಬೇತಿ. ನೆಲೆಯ ರಸ್ತೆಗಳನ್ನು ಮುಚ್ಚುವ ಕೆಲಸ ಆಗಷ್ಟೇ ನಡೆಯುತ್ತಿತ್ತು. ಸೇನೆಯ ತನಿಖೆ ವಾಹನದ ನಾಯಕನ ನಿರ್ಧಾರವನ್ನು ದೂಷಿಸಿತು, ಆತನೂ ಮೃತರಲ್ಲೊಬ್ಬ.

ಮರುವರ್ಷದ ಆಗಸ್ಟಿನಲ್ಲಿ ಅದೇ ಟೆಕ್ಸಸ್ಸಿಗೆ ಹಾರ್ವೆ ಚಂಡಮಾರುತ ಬಂದಾಗ ಸುಮಾರು 12,000 ನ್ಯಾಷನಲ್ ಗಾರ್ಡ್ ಸಿಬ್ಬಂದಿ ರಕ್ಷಣೆಗಿಳಿದರು. ಹೂಸ್ಟನ್ನಿನ ಬೀದಿಗಳಲ್ಲಿ ಎತ್ತರದ ಸೇನಾ ಲಾರಿಗಳು ಮುದುಕರನ್ನೂ ಮಕ್ಕಳನ್ನೂ ಹೊತ್ತು ತಂದವು. ಹಾಗಾಗಿ ಲಾರಿಗಳನ್ನು ನೀರಿಗಿಳಿಸಲೇಬಾರದೆಂದು ನಾವು ಹೇಳಲಾರೆವು. ಎಷ್ಟು ಆಳ, ಎಷ್ಟು ಹರಿವು, ಕೆಳಗೆ ನೆಲವಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಗುವ ತನಕ ಚಾಲಕನನ್ನು ಅವಸರಪಡಿಸಬಾರದೆಂದಷ್ಟೇ ನಮ್ಮ ವಾದ.

ನೀರು ಹುಡುಕಿಕೊಂಡು ಬರುವುದೂ ಉಂಟು. 2023ರ ಅಕ್ಟೋಬರ್ 4ರ ನಸುಕಿನಲ್ಲಿ ದಕ್ಷಿಣ ಲ್ಹೋನಕ್ ಸರೋವರ ಒಡೆದು ತೀಸ್ತಾ ನದಿ ಉಕ್ಕಿದಾಗ, ಸಿಕ್ಕಿಮಿನ ಬರ್ದಾಂಗ್‌ನಲ್ಲಿ ನಿಲ್ಲಿಸಿದ್ದ ಸೇನಾ ವಾಹನಗಳು ಕೆಸರಿನಲ್ಲಿ ಹೂತುಹೋದವು. 23 ಯೋಧರು ಕಾಣೆಯಾದರು. ಒಬ್ಬರನ್ನು ಮಾತ್ರ ಅಂದೇ ಜೀವಂತವಾಗಿ ರಕ್ಷಿಸಲಾಯಿತು.

2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದ 944 ಮಿಲಿಮೀಟರ್ ಮಳೆಯನ್ನು ಮುಂಬಯಿಯ ಕನ್ನಡಿಗರಾದಿಯಾಗಿ ನಾವಾರೂ ಮರೆತಿಲ್ಲ. ಮಾಳಿಗೆಯ ಮೇಲೆ ನಿಂತವರಿಗೆ ದೂರದಲ್ಲಿ ಕಾಣುವ ಸೇನಾ ಲಾರಿಯೇ ದೇವರು. ಅದು ಬರಲಿಲ್ಲವೆಂದು ನಾವು ಸಿಟ್ಟಾಗುತ್ತೇವೆ, ಟಿವಿ ವಾಹಿನಿಗಳು ಕೂಗುತ್ತವೆ, ಕಚೇರಿಗಳಿಂದ ಮೇಲಿಂದ ಮೇಲೆ ಫೋನು ಹೋಗುತ್ತದೆ. ಈ ಒತ್ತಡವೆಲ್ಲ ಕೊನೆಗೆ ಬಂದು ಕೂರುವುದು ಸ್ಟಿಯರಿಂಗ್ ಹಿಡಿದ ಒಬ್ಬ ಯುವಕನ ಹೆಗಲ ಮೇಲೆ. ಹಳ್ಳದ ಅಂಚಿನಲ್ಲಿ ಲಾರಿ ನಿಲ್ಲಿಸಿ, ದೋಣಿ ಬರಲಿ ಎಂದು ಕಾದವನಿಗೆ ಯಾರೂ ಪದಕ ಕೊಡುವುದಿಲ್ಲ. ಆದರೆ ಅವನ ಲಾರಿಯಲ್ಲಿದ್ದವರೆಲ್ಲ ಮನೆಗೆ ಮರಳುತ್ತಾರೆ. ಕಾದದ್ದಕ್ಕಾಗಿ ಅವನನ್ನು ಹೇಡಿಯೆನ್ನದಿರುವಷ್ಟು ತಿಳಿವಳಿಕೆ ನಮಗಿರಬೇಕು.