ಬಟ್ಟೆ ಎಲ್ಲಿ ನಿಲ್ಲಬೇಕು: ಕೊಪ್ಪಳ ಸೀಮೆಯ ಶಾಸನಗಳು, ಸೈಕಲ್ ಮತ್ತು ನನ್ನದೊಂದು ತಪ್ಪು

ಶಾಸನ ಓದೋದನ್ನು ಕಲಿಯಲು ಶುರುಮಾಡಿದ ಹೊಸದರಲ್ಲಿ ದಾನಶಾಸನಗಳ ಸೀಮಾವಿವರವನ್ನು ನಾನು ಹಾರಿಸಿಬಿಡ್ತಿದ್ದೆ. ರಾಜನ ಬಿರುದು, ದಾನಿಯ ಹೆಸರು, ತೇದಿ ಇಷ್ಟು ಸಿಕ್ಕರೆ ಕೆಲಸ ಮುಗೀತು ಅಂತ ಭಾವನೆ. ಮೂಡಲು ಬೆಟ್ಟ, ತೆಂಕಲು ಹಳ್ಳ, ಪಡುವಲು ಬಟ್ಟೆ ಅಂತ ಬರುವ ಸಾಲುಗಳಲ್ಲಿ ಏನು ಮಹಾ ಇದೆ ಅನ್ನೋ ಉಡಾಫೆ. ಒಂದು ಸಲ ಆ 'ಬಟ್ಟೆ'ಯನ್ನು ಅರಿವೆ ಅಂತಲೇ ತಿಳಿದು ತಲೆ ಕೆರೆದುಕೊಂಡದ್ದೂ ಉಂಟು. ಹಳಗನ್ನಡದಲ್ಲಿ ಬಟ್ಟೆ ಅಂದರೆ ದಾರಿ. ದೊಡ್ಡ ದಾರಿ ಹೆಬ್ಬಟ್ಟೆ. ಹಾಗೆ ನೋಡಿದರೆ ಸೀಮಾವಿವರ ಅನ್ನೋದು ಒಂದು ದಾರಿಯ ವಿವರಣೆ. ಯಾರೋ ಹೊಲದ ಸುತ್ತ ನಡೆದು, ಕಣ್ಣಿಗೆ ಬಿದ್ದ ಕಲ್ಲು, ಮರ, ಹಳ್ಳ, ಮೊರಡಿಗಳನ್ನು ಸಾಲಾಗಿ ಹೇಳಿ ಬರೆಸಿದ್ದು.

ಇದು ಮನಸ್ಸಿಗೆ ಹೊಳೆದದ್ದು ಪುಸ್ತಕದ ಮುಂದೆ ಕೂತಾಗ ಅಲ್ಲ, ಸೈಕಲ್ ಮೇಲೆ. ನಾನು ವೃತ್ತಿಯಿಂದ ಮೆಕ್ಯಾನಿಕಲ್ ಇಂಜಿನಿಯರ್, ವಾಸ ಹೊಸಪೇಟೆ. ವಾರದ ರಜೆ ಬಂದರೆ ಮೌಂಟನ್ ಬೈಕ್ ತಗೊಂಡು ತುಂಗಭದ್ರೆಯ ಆಚೆ ದಂಡೆಗೆ ಹೋಗ್ತೇನೆ. ಕಾರಿನಲ್ಲಿ ಹೋದರೆ ಶಾಸನ ಇರುವ ಊರು ಸಿಗುತ್ತೆ. ಸೈಕಲ್ಲಿನಲ್ಲಿ ಹೋದರೆ ಆ ಶಾಸನ ಅಲ್ಲೇ ಯಾಕೆ ಇದೆ ಅನ್ನೋದು ಗೊತ್ತಾಗುತ್ತೆ. ಏರು ಎಲ್ಲಿ, ನೀರು ಎಲ್ಲಿ, ಹಳ್ಳ ದಾಟೋಕೆ ಸುಲಭ ಎಲ್ಲಿ ಅಂತ ಕಾಲುಗಳೇ ಹೇಳ್ತವೆ. ಹಿಂದಿನವರು ನಡೆದದ್ದೂ ಅದೇ ಲೆಕ್ಕದಲ್ಲಿ.

ನಾನು ಹೆಚ್ಚಾಗಿ ಶುರುಮಾಡೋದು ಆನೆಗೊಂದಿಯಿಂದ. ಗಂಗಾವತಿ ತಾಲೂಕಿನ ಈ ಭಾಗದಲ್ಲಿ ಒಂದು ಕಡೆ ಹೊಳೆ, ಇನ್ನೊಂದು ಕಡೆ ಗ್ರಾನೈಟ್ ಗುಂಡುಗಳ ಬೆಟ್ಟ, ನಡುವೆ ಪಟ್ಟಿಯ ಹಾಗೆ ಭತ್ತದ ಗದ್ದೆ. ಆ ಗದ್ದೆಗಳಿಗೆ ನೀರು ಕೊಡುವ ಆನೆಗೊಂದಿ ಕಾಲುವೆ, ಗಂಗಾವತಿಯ ಮೇಲಿನ ಮತ್ತು ಕೆಳಗಿನ ಕಾಲುವೆಗಳು ವಿಜಯನಗರ ಕಾಲದ ಏರ್ಪಾಡು. ರಿಪೇರಿ ಕಂಡರೂ ಇಂದಿಗೂ ಹರೀತಿವೆ. ಕಾಲುವೆಯ ಏರಿ ಮೇಲಿನ ಮಣ್ಣುದಾರಿ ಸೈಕಲ್ಲಿಗೆ ಹೇಳಿ ಮಾಡಿಸಿದ್ದು, ಏರಿಳಿತ ಗೊತ್ತೇ ಆಗಲ್ಲ. ಇಂಜಿನಿಯರ್ ಕಣ್ಣಿಗೆ ಅದೇ ಒಂದು ದಾಖಲೆ. ಇಳಿಜಾರನ್ನು ಅಷ್ಟು ಸಣ್ಣದಾಗಿ ಹಿಡಿದು ನೀರನ್ನು ಇಷ್ಟು ದೂರ ತಂದವರ ಅಳತೆ ನಮ್ಮ ಪೆಡಲಿಗೆ ಸಿಗುತ್ತೆ. ಹೊಸಬರಿಗೆ ಒಂದು ಮಾತು: ಜಾಲಿಮುಳ್ಳು ಟ್ಯೂಬನ್ನು ಬಿಡೋದಿಲ್ಲ, ಪಂಕ್ಚರ್ ಸಾಮಾನು ಇಲ್ಲದೆ ಹೊರಡಬೇಡಿ.

ಗಂಗಾವತಿಯಿಂದ ಕೊಪ್ಪಳದ ಕಡೆ ತಿರುಗಿದರೆ ಹಿರೇಬೆಣಕಲ್ ಸಿಗುತ್ತೆ. ಊರ ಹಿಂದಿನ ಬೆಟ್ಟದ ಮೇಲೆ ಸುಮಾರು 400 ಬೃಹತ್ ಶಿಲಾಸಮಾಧಿಗಳಿವೆ. ಬಂಡೆಯ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೊಂದು ಚಪ್ಪಡಿ ಹೊದಿಸಿ, ಮುಂದಿನ ಕಲ್ಲಿಗೆ ದುಂಡನೆಯ ಕಿಂಡಿ ಕೊರೆದ ಕಲ್ಮನೆಗಳು. ಎರಡು ಸಾವಿರ ವರ್ಷಕ್ಕೂ ಹಳೆಯವು. 1835ರಲ್ಲಿ ಮೆಡೋಸ್ ಟೇಲರ್ ಇವುಗಳನ್ನು ಗಮನಿಸಿ ಬರೆದ. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿದವು. ಊರವರು 'ಮೊರೇರ ಮನಿ' ಅಂತಾರೆ. ಗಿಡ್ಡ ಜನ ಕಟ್ಟಿಕೊಂಡ ಮನೆಗಳು ಅನ್ನೋದು ಅವರ ಕಥೆ. ಹೆಸರು ಕೇಳಿ ಮೌರ್ಯ ರಾಜವಂಶದ ಜೊತೆ ಗಂಟು ಹಾಕಬೇಡಿ.

ನನ್ನ ತಪ್ಪು ನಡೆದದ್ದು ಇಲ್ಲೇ. ಕೆಲವು ವರ್ಷದ ಹಿಂದೆ ನಾನು ಸೈಕಲ್ ಹೊತ್ತುಕೊಂಡು ಈ ಬೆಟ್ಟ ಹತ್ತಿದ್ದೆ. ಮೇಲೆ ಸಮತಟ್ಟಾದ ಬಂಡೆಯ ಹಾಸು, ಕಲ್ಮನೆಗಳ ನಡುವೆ ಓಣಿಯಂಥ ಜಾಗ. ಆಸೆ ತಡೆಯದೆ ಓಡಿಸಿದೆ. ಮನೆಗೆ ಬಂದು ಆ ದಿನದ ಜಿಪಿಎಸ್ ಟ್ರ್ಯಾಕನ್ನು ಎಲ್ಲರಿಗೂ ಸಿಗುವ ಹಾಗೆ ಹಾಕಿ, 'ಇತಿಹಾಸದ ನಡುವೆ ಸವಾರಿ' ಅಂತ ಹೆಸರೂ ಕೊಟ್ಟೆ. ನೂರಾರು ಜನ ಇಳಿಸಿಕೊಂಡರು. ಹೆಮ್ಮೆ ಆಗಿತ್ತು.

ಎರಡು ಮಳೆಗಾಲ ಕಳೆದು ಮತ್ತೆ ಹೋದಾಗ ಬೆಟ್ಟದ ಇಳಿಜಾರಿನಲ್ಲಿ ಮೊಣಕೈ ಆಳದ ಕೊರಕಲು ಬಿದ್ದಿತ್ತು. ಬ್ರೇಕ್ ಹಿಡಿದ ಚಕ್ರ ಗರಸುಮಣ್ಣನ್ನು ಕೀಳುತ್ತೆ, ಮಳೆನೀರು ಆ ಗೀರನ್ನೇ ಕಾಲುವೆ ಮಾಡಿಕೊಳ್ಳುತ್ತೆ. ಇದು ನನಗೆ ಯಾರೂ ಪಾಠ ಹೇಳಬೇಕಾದ ವಿಷಯ ಅಲ್ಲ. ಕೊರಕಲು ಒಂದು ಕಲ್ಮನೆಯ ಬುಡಕ್ಕೆ ಮೂರು ಮಾರು ದೂರದವರೆಗೆ ಬಂದಿತ್ತು. ಇನ್ನೊಂದು ಕಲ್ಮನೆಯ ಚಪ್ಪಡಿಯ ಮೇಲೆ ಹಳದಿ ಬಣ್ಣದ ಬಾಣದ ಗುರುತು. ಅಲ್ಲೇ ಕುರಿ ಮೇಯಿಸ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ.

"ಇದನ್ನ ಯಾರು ಬರದದ್ದು, ಅಜ್ಜಾರ?"

"ಸೈಕಲ್ ಹುಡುಗ್ರು ಬಂದಿದ್ರು ಸರ. ಫೋನ್ ನೋಡಕೋತ ಬಂದ್ರು, ಫೋನ್ ನೋಡಕೋತ ಹ್ವಾದ್ರು. ಯಾರೋ ದಾರಿ ಹಾಕಿಟ್ಟಾರಂತ ಅದ್ರಾಗ."

ಆ ಯಾರೋ ನಾನೇ ಅಂತ ಹೇಳೋಕೆ ಬಾಯಿ ಬರಲಿಲ್ಲ. ಬಾಣ ಬರೆದ ಹುಡುಗರ ಮೇಲೆ ಸಿಟ್ಟು ಬಂದದ್ದು ನಿಜ. ಆದರೆ ಅವರು ಹಿಡಿದು ಬಂದ ಬಟ್ಟೆ ನನ್ನದು.

ಆ ದಿನ ಅಲ್ಲಿಂದ ಸೀದಾ ಕೊಪ್ಪಳಕ್ಕೆ ಹೋದೆ. ಕೊಪ್ಪಳ ಅಂದರೆ ಹಳೆಯ ಕೊಪಣ. ಒಂಬತ್ತನೇ ಶತಮಾನದ ಕವಿರಾಜಮಾರ್ಗ ತಿರುಳ್ಗನ್ನಡದ ನಾಡನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಊರುಗಳಲ್ಲಿ ಇದೂ ಒಂದು. ದೊಡ್ಡ ಜೈನತೀರ್ಥ. ದೂರದ ಶ್ರವಣಬೆಳಗೊಳದ ಶಾಸನಗಳಲ್ಲೂ ಇದರ ಹೆಸರು ಬರುತ್ತೆ. ಇಲ್ಲಿನ ಕನ್ನಡ ಶಾಸನಗಳನ್ನು ಸಿ.ಆರ್. ಕೃಷ್ಣಮಾಚಾರ್ಲು ಸಂಪಾದಿಸಿದ್ದು 1935ರಲ್ಲಿ, ಹೈದರಾಬಾದ್ ಪುರಾತತ್ವ ಮಾಲೆಯಲ್ಲಿ. ಅದಕ್ಕೂ ಮುಂಚೆ, 1931ರಲ್ಲಿ, ಗವಿಮಠದ ಬೆಟ್ಟದಲ್ಲೂ ಪಲ್ಕಿಗುಂಡಿನ ಮೇಲೂ ಅಶೋಕನ ಕಿರುಬಂಡೆ ಶಾಸನಗಳು ಪತ್ತೆಯಾಗಿದ್ದವು. ಗವಿಮಠದ್ದು ಹೆಚ್ಚುಕಡಿಮೆ ಪೂರ್ತಿ ಉಳಿದಿದೆ. ಪಲ್ಕಿಗುಂಡಿನದು ಬಹಳ ಸವೆದಿದೆ.

ಪಲ್ಕಿಗುಂಡು ಅಂದರೆ ಬೆಟ್ಟದ ತುದಿಯಲ್ಲಿ ಗುಂಡುಗಳ ಮೇಲೆ ಪಲ್ಲಕ್ಕಿಯ ಚಾವಣಿಯಂತೆ ಕೂತ ಭಾರೀ ಬಂಡೆ. ಅದರ ಕೆಳಗೆ ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಒರಟು ಗ್ರಾನೈಟಿನಲ್ಲಿ ಆಳವಿಲ್ಲದ ಅಕ್ಷರ. ನೇರ ಬೆಳಕು ಬಿಟ್ಟರೆ ಏನೂ ಕಾಣಲ್ಲ. ಟಾರ್ಚನ್ನು ಪಕ್ಕದಿಂದ, ಬಂಡೆಗೆ ತಾಗುವಷ್ಟು ಓರೆಯಾಗಿ ಹಿಡಿದರೆ ಗೀರುಗಳು ಎದ್ದು ಬರ್ತವೆ. ಸೀಮೆಸುಣ್ಣ, ಹಿಟ್ಟು, ಬಣ್ಣ ಯಾವುದೂ ಬೇಡ, ಬೇಕಾಗೋದೂ ಇಲ್ಲ. ಇದೇ ಬೆಟ್ಟದ ಮೇಲೆ ಜಟಾಸಿಂಹನಂದಿ ಆಚಾರ್ಯರ ಪಾದಗಳ ಕೆತ್ತನೆ ಇದೆ. ಅದನ್ನು ಚಾವಯ್ಯ ಮಾಡಿಸಿದ ಅಂತ ಎರಡು ಸಾಲಿನ ಹಳಗನ್ನಡ ಬರಹ. ವರಾಂಗಚರಿತವನ್ನು ಸಂಸ್ಕೃತದಲ್ಲಿ ಬರೆದ ಕವಿ ಈ ಜಟಾಸಿಂಹನಂದಿ. ಚಾವಯ್ಯ ಯಾವ ಬಿರುದೂ ಬರೆಸಿಕೊಳ್ಳಲಿಲ್ಲ. ಪಾದ ಯಾರದು, ಮಾಡಿಸಿದವರು ಯಾರು ಅಷ್ಟೇ.

ಅಶೋಕನ ಆ ಶಾಸನದ ತಿರುಳು ಒಂದೇ ಮಾತಿನಲ್ಲಿ ಹೇಳಬಹುದು: ದೊಡ್ಡವರಿಗೆ ಮಾತ್ರ ಅಲ್ಲ, ಸಣ್ಣವರಿಗೂ ಪ್ರಯತ್ನಪಟ್ಟರೆ ಫಲ ಉಂಟು. ತಾನೇ ಮೊದಲು ಅಷ್ಟು ಶ್ರದ್ಧೆಯಿಂದ ಪ್ರಯತ್ನಪಡಲಿಲ್ಲ ಅಂತ ಅರಸ ಅದರಲ್ಲಿ ಒಪ್ಪಿಕೊಳ್ತಾನೆ. ಹಿಂದೆ ಎಷ್ಟೋ ಸಲ ಓದಿದ್ದೆ. ಆ ಸಂಜೆ ಮಾತ್ರ ಆ ಒಪ್ಪಿಗೆಯ ಸಾಲು ಹೆಚ್ಚು ನಾಟಿತು. ಬೆಟ್ಟ ಇಳಿಯೋ ಮುಂಚೆಯೇ ಫೋನ್ ತೆಗೆದು ಟ್ರ್ಯಾಕ್ ಅಳಿಸಿದೆ. ಇಳಿಸಿಕೊಂಡವರ ಹತ್ತಿರ ಇರೋದನ್ನು ಅಳಿಸೋಕೆ ನನ್ನಿಂದ ಆಗಲ್ಲ.

ಈಗ ನಾನು ಹೇಳಿಕೊಡುವ ದಾರಿ ಬೇರೆ. ಕೊಪ್ಪಳದಿಂದ ಕುಕನೂರು, ಅಲ್ಲಿಂದ ಇಟಗಿ. ಕುಕನೂರು ತಾಲೂಕು ಆಗುವ ಮುಂಚೆ ಎರಡೂ ಯಲಬುರ್ಗಾಕ್ಕೆ ಸೇರಿದ್ದವು. ಹಳ್ಳಿರಸ್ತೆ, ಹೊಲದ ಬದಿಯ ಬಂಡಿದಾರಿ, ದೊಡ್ಡ ಏರಿಲ್ಲ. ಕೆಂಪು ಮಸಾರಿ ಹೋಗಿ ಕಪ್ಪು ಎರೆಮಣ್ಣು ಬರುವ ಜಾಗ ಚಕ್ರಕ್ಕೆ ಮೊದಲು ಗೊತ್ತಾಗುತ್ತೆ. ಮಳೆಯಾದ ಮರುದಿನ ಹೋದರೆ ಎರೆ ಚಕ್ರಕ್ಕೆ ಮೆತ್ತಿ ಸೈಕಲ್ ಮುಂದಕ್ಕೇ ಹೋಗಲ್ಲ. ಹಾಗಾಗಿ ನವೆಂಬರಿನಿಂದ ಫೆಬ್ರುವರಿ ಒಳ್ಳೆಯದು. ಕುಷ್ಟಗಿ ಕಡೆಗೆ ಹೋಗೋರು ಇಳಕಲ್ಲಿನ ಹೆದ್ದಾರಿ ಬಿಟ್ಟು ಒಳದಾರಿ ಹಿಡೀರಿ. ಅಲ್ಲಿ ಮಸಾರಿ ನೆಲ ಹೆಚ್ಚು, ಮಳೆ ನಿಂತರೆ ಬೇಗ ಆರುತ್ತೆ.

ಕುಕನೂರಿನಲ್ಲಿ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿಗಳ ಗುಂಪು. ಇಟಗಿಯಲ್ಲಿ ಮಹಾದೇವ ದೇವಾಲಯ. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ 1112ರಲ್ಲಿ ಕಟ್ಟಿಸಿದ್ದು. ಶಾಸನವೇ ಇದನ್ನು 'ದೇವಾಲಯ ಚಕ್ರವರ್ತಿ' ಅಂತ ಕರೆಯುತ್ತೆ. ಇಲ್ಲಿನ ಕಲ್ಲು ನುಣುಪಾದ ಬಳಪದ ಜಾತಿ, ಉಳಿಗೆ ಬಗ್ಗುತ್ತೆ. ಕೊಪ್ಪಳದ ಗ್ರಾನೈಟಿನ ಒರಟು ಗೀರುಗಳನ್ನು ನೋಡಿ ಅದೇ ದಿನ ಇಟಗಿಯ ಕಂಬಗಳ ನಯವನ್ನು ನೋಡಿದರೆ, ಕಲ್ಲು ಕೆತ್ತನೆಯ ಕೈಯನ್ನು ಎಷ್ಟು ಬದಲಿಸುತ್ತೆ ಅಂತ ಹೇಳಿಸಿಕೊಳ್ಳಬೇಕಾಗಿಲ್ಲ. ಮೃದು ಕಲ್ಲಿಗೆ ಒಂದು ಅಪಾಯವೂ ಇದೆ. ಸೈಕಲ್ಲಿನ ಹ್ಯಾಂಡಲ್ ಒರಗಿಸಿದರೂ ಗೀರು ಬೀಳುತ್ತೆ. ಗೋಡೆಗೆ, ಕಂಬಕ್ಕೆ ಸೈಕಲ್ ಆನಿಸಬೇಡಿ.

ಹಿರೇಬೆಣಕಲ್ಲಿಗೆ ಈಗಲೂ ಹೋಗ್ತೇನೆ. ಹೊಸ ಟ್ರ್ಯಾಕ್ ಊರಿನಲ್ಲೇ ಮುಗಿಯುತ್ತೆ. ಅಲ್ಲಿಂದ ಮುಂದೆ ನಡಿಗೆ, ಊರಿನವರೊಬ್ಬರನ್ನು ಜೊತೆಗೆ ಕರಕೊಂಡು. ಬಾಣದ ಬಣ್ಣವನ್ನು ನಾನು ಉಜ್ಜೋಕೆ ಹೋಗಿಲ್ಲ. ಆಸಿಡ್ಡೋ ತಂತಿಬ್ರಷ್ಷೋ ತಗೊಂಡರೆ ಬಣ್ಣದ ಜೊತೆ ಕಲ್ಲಿನ ಮೈಯೂ ಹೋಗುತ್ತೆ. ಅದು ತಿಳಿದವರ ಕೆಲಸ. ಫೋಟೋ ಸಮೇತ ಪತ್ರ ಬರೆದಿದ್ದೇನೆ, ಮತ್ತೆ ಬರೀತೇನೆ.

ದಾನಶಾಸನದಲ್ಲಿ ಸೀಮೆ ಹೇಳುತ್ತಿದ್ದದ್ದು ಎಲ್ಲಿವರೆಗೆ ನಿನ್ನದು ಅಂತ ತಿಳಿಸೋಕೆ. ನಾವು ಹಾಕುವ ದಾರಿಗಳಿಗೂ ಅಂಥ ಒಂದು ಸೀಮೆ ಬೇಕು. 'ಇತಿಹಾಸದ ನಡುವೆ ಸವಾರಿ' ಅನ್ನೋ ಹಳೆಯ ಟ್ರ್ಯಾಕ್ ನಿಮ್ಮಲ್ಲಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಅಳಿಸಿಬಿಡಿ.